ಸಾಲಿನಲ್ಲಿ ನಿಂತ ಮೂವರು ರಾಜರು

ನವೆಂಬರ್ ಕೊನೆಗೆ ಬಂತೆಂದರೆ ಗಲ್ಫಿನ ಈ ಮನಾಮದಲ್ಲಿ, ಸೆಗಯಾದ ನಮ್ಮ ಫ್ಲ್ಯಾಟಿನಲ್ಲಿ ಏಸಿಯ ಗುರುಗುರು ನಿಲ್ಲುತ್ತದೆ. ಬೇಸಿಗೆಯುದ್ದಕ್ಕೂ ಕಿವಿಯಲ್ಲೇ ಕೂತಿದ್ದ ಸದ್ದು ಒಮ್ಮೆಲೇ ಇಲ್ಲವಾದಾಗ ಮನೆ ಬೇರೆ ಯಾರದೋ ಅನ್ನಿಸುತ್ತದೆ. ಗೋಡೆ ಗಡಿಯಾರ ಓಡುತ್ತಿದೆ ಎಂದು ಆಗ ತಿಳಿಯುತ್ತದೆ. ಫ್ರಿಜ್ಜಿಗೂ ಒಂದು ನಿಟ್ಟುಸಿರು ಉಂಟೆಂದು ತಿಳಿಯುತ್ತದೆ. ಅದೇ ದಿನ ನಾನು ಸ್ಟೂಲು ಹತ್ತಿ ಕಪಾಟಿನ ಮೇಲಿನ ಸೂಟ್‌ಕೇಸಿನಿಂದ ಕಂಬಳಿಗಳನ್ನು ಇಳಿಸುವುದು. ಇದಕ್ಕೆ ಕ್ಯಾಲೆಂಡರ್ ಬೇಕಿಲ್ಲ.

ಈ ಸಲವೂ ಇಳಿಸಿದೆ. ಹುಲಿಯ ಚಿತ್ರದ ಕಂಬಳಿಯನ್ನು ನೀವು ನೋಡಿಯೇ ಇರುತ್ತೀರಿ. ಗಲ್ಫಿನಿಂದ ಬಂದವರ ಮನೆಯ ಮಂಚದ ಮೇಲೆ ಅಂಥ ಒಂದು ಹುಲಿ ಮಲಗಿರುವುದು ನಮ್ಮ ಕರಾವಳಿಯಲ್ಲಿ ಕಾಯಿದೆಯೇ ಆಗಿಬಿಟ್ಟಿದೆ. ನಮ್ಮ ಹುಲಿಯ ಒಂದು ಕಣ್ಣು ತೊಳೆದು ತೊಳೆದು ಮಾಸಿದೆ. ಮಡಿಕೆ ಬಿಚ್ಚಿದ ಕೂಡಲೇ ಇದ್ದಿಲ ಹೊಗೆಯ ವಾಸನೆ ಬಂತು, ಅಂಚಿನ ಹೊಲಿಗೆಯಿಂದ ಒಂದು ಚಿಟಿಕೆ ಮರಳು ನೆಲಕ್ಕೆ ಉದುರಿತು. ಗುಡಿಸುವುದಕ್ಕೆ ತಂದ ಪೊರಕೆಯನ್ನು ಗೋಡೆಗೆ ಒರಗಿಸಿದೆ. ಆ ಮರಳು ಎಲ್ಲಿಯದೆಂದು ನನಗೆ ಗೊತ್ತು.

ಕೆಲವು ವರ್ಷಗಳ ಹಿಂದೆ ಇದೇ ದಿನಗಳಲ್ಲಿ ನಾವು ನಾಲ್ವರು ನಕ್ಷತ್ರ ನೋಡಲು ಮರುಭೂಮಿಗೆ ಹೋಗಿದ್ದೆವು. ನಾಲ್ವರೆಂದರೆ ನಾನು, ಇವರು, ಹಮೀದ್, ಅವನ ಹೆಂಡತಿ ಜುಬೈದಾ. ಇವರೆಂದರೆ ನನ್ನ ಗಂಡ. ಹೆಸರು ಹಿಡಿದು ಕರೆಯುವ ರೂಢಿ ನಮ್ಮಮ್ಮನಿಗೂ ಇರಲಿಲ್ಲ, ನನಗೂ ಬರಲಿಲ್ಲ. ‘ಕೇಳಿತಾ?’ ಅನ್ನುತ್ತೇನೆ, ಇವರಿಗೆ ಕೇಳಿಸುತ್ತದೆ. ಹಮೀದನದ್ದು ನಮ್ಮ ಕಟ್ಟಡದ ಕೆಳಗಿನ ಕೋಲ್ಡ್ ಸ್ಟೋರ್. ಹೆಸರು ಹಾಗಿದ್ದರೂ ಅಲ್ಲಿ ಹಾಲು, ಮೊಟ್ಟೆ, ಅರಬ್ಬಿ ರೊಟ್ಟಿ ಖುಬ್ಬೂಸಿನಿಂದ ಹಿಡಿದು ಊರಿನ ಕುಚ್ಚಲಕ್ಕಿಯವರೆಗೆ ಎಲ್ಲ ಸಿಗುತ್ತದೆ. ಅವನು ಉಳ್ಳಾಲದ ಬ್ಯಾರಿ ಮುಸ್ಲಿಮ, ನಾವು ಮಂಗಳೂರಿನ ಕ್ರಿಶ್ಚಿಯನ್ನರು. ಊರಿನಲ್ಲಾದರೆ ನಡುವೆ ಒಂದು ಹೊಳೆ, ಇಲ್ಲಿ ನಡುವೆ ಒಂದು ಮಾಳಿಗೆ ಮೆಟ್ಟಿಲು. ಇವರನ್ನು ಅವನು ‘ಪೊರ್ಬುಗಳೇ’ ಎಂದೂ ನನ್ನನ್ನು ‘ಬಾಯಮ್ಮ’ ಎಂದೂ ಕರೆಯುತ್ತಾನೆ. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಹಾಗೆ ಕರೆಯುವುದು ಹಳೆಯ ಕ್ರಮ. ಹೊರಗಿನವರಿಗೆ ಏನನ್ನಿಸುತ್ತದೋ ಗೊತ್ತಿಲ್ಲ, ಈ ದೂರದ ಊರಿನಲ್ಲಿ ಯಾರಾದರೂ ಹಾಗೆ ಕರೆದರೆ ನನಗೆ ಕಾಲಿಗೆ ಅಂಗಳ ತಾಗಿದ ಹಾಗೆ.

ಹೋಗುವ ಆಸೆ ಹುಟ್ಟಿದ್ದು ಜುಬೈದಾಳಿಗೆ. ಒಂದು ಸಂಜೆ ಅಂಗಡಿಯಲ್ಲಿ ಬಟಾಣಿ ಅಳೆಯುತ್ತಿದ್ದವಳು ಇದ್ದಕ್ಕಿದ್ದಂತೆ, ಮದುವೆಯಾಗಿ ಬಂದ ಮೇಲೆ ತಾನು ನಕ್ಷತ್ರ ನೋಡಿದ್ದೆಂದರೆ ವಿಮಾನದ ಕಿಟಕಿಯಲ್ಲಿ ಮಾತ್ರ, ಅದೂ ರೆಕ್ಕೆಯ ಬದಿಯ ಸೀಟು ಸಿಕ್ಕಿದ್ದರಿಂದ ಅರ್ಧ ಆಕಾಶ ಎಂದಳು. ಮಾತು ಸುಳ್ಳಲ್ಲ. ಮನಾಮದಲ್ಲಿ ಕತ್ತಲೆ ಎಂಬುದೇ ಇಲ್ಲ. ಬೀದಿ ದೀಪ, ಅಂಗಡಿ ಫಲಕ, ಎತ್ತರದ ಕಟ್ಟಡಗಳ ನೆತ್ತಿಯಲ್ಲಿ ಬಣ್ಣ ಬದಲಿಸುವ ದೀಪ. ನಮ್ಮ ಮಲಗುವ ಕೋಣೆಯ ಪರದೆಯ ಮೇಲೆ ರಾತ್ರಿಯಿಡೀ ಎದುರಿನ ಔಷಧದಂಗಡಿಯ ಹಸಿರು ಬೆಳಕು ಬೀಳುತ್ತದೆ. ಆ ಬೆಳಕನ್ನು ನಾನು ಎಷ್ಟೋ ಸಲ ಬೈದಿದ್ದೇನೆ. ಅದು ನಮ್ಮಿಂದ ಏನನ್ನು ಮುಚ್ಚಿಡುತ್ತಿತ್ತು ಎಂದು ಆಗ ತಿಳಿದಿರಲಿಲ್ಲ.

ಹಮೀದ್ ಅದಕ್ಕೆ ‘ರೋಡ್ ಟ್ರಿಪ್’ ಎಂದು ಹೆಸರಿಟ್ಟ. ಈ ದೇಶದಲ್ಲಿ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಹೋಗುವುದಕ್ಕೆ ಮಂಗಳೂರಿನಿಂದ ಉಡುಪಿಗೆ ಹೋಗುವಷ್ಟು ಹೊತ್ತೂ ಬೇಡ. ಆದರೂ ನಾವು ಹೊರಟ ಸಂಭ್ರಮ ನೋಡಿದ್ದರೆ ನೀವು ಹಜ್ಜಿಗೋ ರೋಮಿಗೋ ಅಂದುಕೊಳ್ಳುತ್ತಿದ್ದಿರಿ. ಜುಬೈದಾ ಮಸಾಲೆ ಹಚ್ಚಿದ ಕೋಳಿಯ ಡಬ್ಬಿ, ಇದ್ದಿಲಿನ ಚೀಲ ತಂದಳು. ನಾನು ಫ್ಲಾಸ್ಕಿನಲ್ಲಿ ಕಡು ಕರಕ್ ಚಹಾ, ಇಡ್ಲಿಯಂಥ ನಮ್ಮ ಸಾನ್ನ, ಈ ಹುಲಿ ಕಂಬಳಿ. ಅಂಗಡಿಯಲ್ಲಿ ತಮ್ಮನನ್ನು ಕೂರಿಸಿ ಹಮೀದ್ ಸೆಂಟು ಹಾಕಿಕೊಂಡು ಬಂದ. ಕಾರು ನಮ್ಮದು, ಓಡಿಸುವವರು ಇವರು. ಬೇರೆ ಯಾರು ಓಡಿಸಬೇಕು ಎಂಬ ಪ್ರಶ್ನೆಯೇ ಹುಟ್ಟಲಿಲ್ಲ, ಏಕೆಂದರೆ ಇವರ ಕೆಲಸವೇ ಅದು. ಮೀನಾ ಸಲ್ಮಾನಿನ ಕಾರ್ಮಿಕರ ವಸತಿಯಿಂದ ಆಳುಗಳನ್ನು ಹತ್ತಿಸಿಕೊಂಡು ಅಸ್ಕರ್ ಕಡೆಯ ಕಾರ್ಖಾನೆಗೆ ಮುಟ್ಟಿಸುವ ಬಸ್ಸು. ಒಂದು ವಾರ ಹಗಲು, ಒಂದು ವಾರ ರಾತ್ರಿ. ಅಷ್ಟು ವರ್ಷಗಳಲ್ಲಿ ಒಂದು ದಿನವೂ ತಡವಾಗಿ ತಲುಪಿದವರಲ್ಲ. ಯಾವ ಸ್ಟಾಪಿಗೂ ಸ್ವಲ್ಪ ಮೊದಲೇ ಹೋಗಿ ನಿಲ್ಲುವವರು. ಮನೆಯಲ್ಲೂ ಹಾಗೆಯೇ. ಪೂಜೆಗೆ ಹೊರಟರೆ ಇಗರ್ಜಿಯ ಬೆಂಚು ಒರೆಸುವವರಿಗಿಂತ ಮೊದಲು ನಾವು.

ಆ ದಿನ ಮಾತ್ರ ಇವರದ್ದೊಂದು ವಿಚಿತ್ರ ಹಟ. ಬೇಗ ಹೋಗಿ ಬೇಗ ಬರುವ, ಕತ್ತಲಾಗುವ ಮೊದಲು ಡಾಂಬರು ರಸ್ತೆ ಸೇರಿಬಿಡುವ ಅನ್ನುವುದು. ಜುಬೈದಾ ಹಿಂದಿನ ಸೀಟಿನಿಂದ, “ಎಂತ ಅಣ್ಣ, ಕತ್ತಲಾಗುವ ಮೊದಲು ನಕ್ಷತ್ರ ನೋಡುವುದಾ? ಶಟರ್ ಎತ್ತುವ ಮೊದಲೇ ಸಾಮಾನು ಕೇಳಿದ ಹಾಗೆ ಆಯ್ತಲ್ಲ” ಅಂದಳು. ಎಲ್ಲರೂ ನಕ್ಕೆವು. ಇವರೂ ನಕ್ಕರು, ಸ್ವಲ್ಪ ತಡವಾಗಿ.

ರಿಫಾ ದಾಟಿದ ಮೇಲೆ ದಾರಿಯ ಬದಿಯಲ್ಲಿ ಎಣ್ಣೆಯ ಕೊಳವೆಗಳು ಜೊತೆಯಾದವು. ಅಲ್ಲಲ್ಲಿ ಎಣ್ಣೆಬಾವಿಯ ಯಂತ್ರಗಳು ತಲೆ ತಗ್ಗಿಸಿ ತಲೆ ಎತ್ತುತ್ತಿದ್ದವು, ಯಾರ ಮಾತಿಗೋ ಹೌದು ಹೌದು ಅನ್ನುವ ಹಾಗೆ. ಸಖೀರಿನ ಬಯಲಲ್ಲಿ ಚಳಿಗಾಲದ ಡೇರೆಗಳು ಎದ್ದಿದ್ದವು. ಅಲ್ಲಿ ಜನರೇಟರು, ಸರದೀಪ, ಸಂಗೀತ, ಇನ್ನೊಂದು ಮನಾಮವೇ. ಅದನ್ನೂ ದಾಟಿ ದಕ್ಷಿಣಕ್ಕೆ ಹೋಗಿ, ಗಟ್ಟಿ ನೆಲ ಕಂಡಲ್ಲಿ ಕಾರು ನಿಲ್ಲಿಸಿದೆವು. ಸೂರ್ಯ ಆಗಲೇ ಕೆಂಪಾಗಿದ್ದ. ಇದ್ದಿಲು ಹೊತ್ತಿತು, ಕೋಳಿ ಬೆಂದಿತು, ಸಾನ್ನ ಮುಗಿಯಿತು. ಬೇಗ ಹೊರಡುವ ಮಾತು ಬಾಯಿರುಚಿಯಲ್ಲಿ ಎಲ್ಲಿ ಹೋಯಿತೋ. ಹಮೀದ್ ಕೆಂಡಕ್ಕೆ ಮರಳು ಮುಚ್ಚಿ, ಟಾರ್ಚ್ ಆರಿಸಿ, “ಈಗ ಎಲ್ಲರೂ ಮೇಲೆ ನೋಡಿ. ಟಿಕೇಟಿಲ್ಲ” ಅಂದ.

ನಾನು ನೋಡಿದೆ. ಏನು ಹೇಳಲಿ? ಹುಡುಗಿಯಾಗಿದ್ದಾಗ ಕರೆಂಟು ಹೋದ ರಾತ್ರಿಗಳಲ್ಲಿ ನೋಡಿದ್ದ ಆಕಾಶ ಅದು. ಎಲ್ಲಿಗೂ ಹೋಗದೆ, ಇಷ್ಟು ವರ್ಷ ದೀಪಗಳ ಹಿಂದೆ ಕಾದು ಕೂತಿತ್ತು. ಬಾಣಲೆಗೆ ಹಾಕುವಾಗ ಕೈತಪ್ಪಿದ ರವೆಯ ಹಾಗೆ ಚೆಲ್ಲಿತ್ತು. ನನ್ನ ಹೋಲಿಕೆಗಳೆಲ್ಲ ಅಡುಗೆಮನೆಯವು, ಕ್ಷಮಿಸಿ. ಜುಬೈದಾ ಕಂಬಳಿಯನ್ನು ಮರಳಿನ ಮೇಲೆ ಹಾಸಿ ಅಲ್ಲೇ ಕೂತುಬಿಟ್ಟಳು. ಗಾಳಿ ತಣ್ಣಗಿತ್ತು. ಇವರಿಗೆ ಚಹಾ ಬಗ್ಗಿಸಿ ಕೊಟ್ಟೆ. ಇವರ ಕೈ ಲೋಟದ ಪಕ್ಕದ ಗಾಳಿಯನ್ನು ಹಿಡಿಯಿತು, ಇನ್ನೊಮ್ಮೆ ಹಿಡಿಯಿತು, ಮೂರನೆಯ ಸಲಕ್ಕೆ ನನ್ನ ಬೆರಳು ತಾಗಿ ಲೋಟ ಸಿಕ್ಕಿತು. ಚಳಿಗೆ ಬೆರಳು ಮರಗಟ್ಟಿರಬೇಕು ಅಂದುಕೊಂಡೆ.

ಆಮೇಲೆ ಇವರು ಕತ್ತು ನೆಟ್ಟಗೆ ಹಿಂದಕ್ಕೆ ಹಾಕಿ, ನೆತ್ತಿಯ ಮೇಲೆ ಬೆರಳು ತೋರಿಸಿ, “ಓ ಅಲ್ಲಿ ನೋಡಿ, ತೀನ್ ರಾಯ್. ಎಷ್ಟು ಸ್ಪಷ್ಟ ಉಂಟು” ಅಂದರು.

ಇಲ್ಲಿ ಸ್ವಲ್ಪ ವಿವರಿಸಬೇಕು. ಒಂದೇ ಗೆರೆಯಲ್ಲಿರುವ ಆ ಮೂರು ನಕ್ಷತ್ರಗಳು ನಿಮಗೂ ಗೊತ್ತು. ಬಾಲ ಯೇಸುವನ್ನು ಕಾಣಲು ಪೂರ್ವದಿಂದ ಬಂದ ಮೂವರು ರಾಜರು ಅವರೇ ಎಂದು ಇವರ ಅಜ್ಜಿ ಹೇಳುತ್ತಿದ್ದರಂತೆ. ಕೊಂಕಣಿಯಲ್ಲಿ ತೀನ್ ರಾಯ್. ಕ್ರಿಸ್ಮಸ್ ಹಿಂದಿನ ರಾತ್ರಿ ನಡುರಾತ್ರಿಯ ಪೂಜೆ ಮುಗಿಸಿ ಗದ್ದೆಯ ಹುಣಿಯ ಮೇಲೆ, ಆ ಕಿರಿದಾದ ಬದುವಿನಲ್ಲಿ, ಸಾಲಾಗಿ ಮನೆಗೆ ಬರುವಾಗ ಅಜ್ಜಿ ನಿಂತು, ಮೊಮ್ಮಕ್ಕಳ ಗಲ್ಲ ಎತ್ತಿ ನೆತ್ತಿಯ ಮೇಲೆ ತೋರಿಸುವುದು. ಆ ಹೊತ್ತಿಗೆ ಅವು ಅಲ್ಲೇ ಇರುತ್ತವೆ. ಇವರು ಅವನ್ನು ನೋಡಿದ್ದೆಲ್ಲ ಹಾಗೆ, ಆ ಹುಣಿಯ ಮೇಲೆ, ಆ ಹೊತ್ತಿನಲ್ಲಿ. ಆದ್ದರಿಂದ ಇವರ ಮಟ್ಟಿಗೆ ಮೂವರು ರಾಜರ ವಿಳಾಸ ನೆತ್ತಿ.

ಆದರೆ ಅದು ನವೆಂಬರ್, ಸಂಜೆ ಕಳೆದು ಎಷ್ಟೂ ಹೊತ್ತಾಗಿರಲಿಲ್ಲ. ನೆತ್ತಿಯಲ್ಲಿ ನೂರು ನಕ್ಷತ್ರಗಳಿದ್ದವು, ರಾಜರು ಇರಲಿಲ್ಲ. ನಾನು ಹುಡುಕಿದೆ. ಹಮೀದನೂ ಹುಡುಕಿ, “ಇಲ್ಲವಲ್ಲ ಪೊರ್ಬುಗಳೇ. ನಿಮ್ಮ ರಾಜರು ಇನ್ನೂ ಏರ್‌ಪೋರ್ಟಿನಲ್ಲಿ ಇದ್ದಾರೆ ಕಾಣ್ತದೆ. ವೀಸಾಕ್ಕೆ ಸ್ಟ್ಯಾಂಪ್ ಬಿದ್ದಿರಲಿಕ್ಕಿಲ್ಲ” ಅಂದ. ಮತ್ತೆ ನಗು. ನನಗೂ ನಗು ಬಂತು. ಇವರು, “ನಿಮ್ಮ ಕಣ್ಣಿಗೆ ಎಂತ ಆಗಿದೆ ಮಾರಾಯ, ಅಲ್ಲೇ ಉಂಟಲ್ಲ” ಅಂದರು.

ಸ್ವಲ್ಪ ಹೊತ್ತಿಗೆ ಪೂರ್ವದಲ್ಲಿ, ನೆಲಕ್ಕೆ ತಾಗಿದ ಮಂಜಿನಂಥ ಧೂಳಿನಿಂದ, ಆ ರಾಜರು ಎದ್ದು ಬಂದರು. ಅಡ್ಡವಾಗಿ ಅಲ್ಲ, ಒಬ್ಬರ ಮೇಲೊಬ್ಬರು, ಕಂಬ ನಿಲ್ಲಿಸಿದ ಹಾಗೆ ನೆಟ್ಟಗೆ. ಮೊದಲು ಕಂಡವಳು ಜುಬೈದಾ. ಹಮೀದ್, “ಹಾಂ, ಬಂದರು ನೋಡಿ. ಇಮಿಗ್ರೇಶನ್ ಸಾಲಿನಲ್ಲಿ ನಿಂತಿದ್ದಾರೆ, ನಮ್ಮ ಹಾಗೆಯೇ” ಅಂದ. ನಾವು ಮೂವರೂ ಪೂರ್ವಕ್ಕೆ ತಿರುಗಿದೆವು.

“ಹೌದು ಹೌದು, ಈಗ ಎಷ್ಟು ಚಂದ ಕಾಣ್ತದೆ” ಎಂದರು ಇವರು.

ನಾನು ಹಿಂತಿರುಗಿ ನೋಡಿದೆ. ಇವರು ಇನ್ನೂ ನೆತ್ತಿಯನ್ನೇ ನೋಡುತ್ತಿದ್ದರು.

ಮನೆಯ ಸಣ್ಣಪುಟ್ಟದ್ದನ್ನೆಲ್ಲ ನೆನಪಿಟ್ಟುಕೊಳ್ಳುವವಳು ಎಂದು ನನಗೆ ನನ್ನ ಬಗ್ಗೆ ಒಂದು ಹಮ್ಮು. ಎಷ್ಟು ಬೆಂಕಿಕಡ್ಡಿ ಉಳಿದಿದೆ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಆ ಒಂದು ಗಳಿಗೆಯಲ್ಲಿ ನನ್ನ ನೆನಪಿನ ಡಬ್ಬಿಯಲ್ಲಿದ್ದ ಬಿಡಿಬಿಡಿ ಚಿಲ್ಲರೆಯೆಲ್ಲ ಒಟ್ಟಿಗೆ ಸೇರಿಕೊಂಡಿತು. ಶೂಸು ಬಿಚ್ಚುವುದಕ್ಕೂ ಇವರಿಗೆ ಟ್ಯೂಬ್‌ಲೈಟು ಬೇಕಾಗುತ್ತಿದ್ದದ್ದು. ಮೇಜಿನ ಅಂಚಿನಿಂದ ಆಚೆ ಇಟ್ಟು ಒಡೆದ ಬಸಿ. ಕಾರ್ಮಿಕರ ವಸತಿಯ ಅಂಗಳದಲ್ಲಿ ಬಸ್ಸು ಗೇಟಿಗೆ ತರಚಿದಾಗ ಗೇಟಿನವನನ್ನು ಬೈದದ್ದು. ಈಸ್ಟರಿನ ಜಾಗರಣೆಯಲ್ಲಿ ಇಗರ್ಜಿಯ ದೀಪಗಳನ್ನೆಲ್ಲ ಆರಿಸಿ, ಮೊದಲ ಮೇಣದ ಬತ್ತಿ ಬರುವವರೆಗೆ ಎಲ್ಲರೂ ಕತ್ತಲಲ್ಲಿ ನಿಲ್ಲುತ್ತೇವೆ. ಆ ವರ್ಷ ಆ ಕತ್ತಲಲ್ಲಿ ಇವರು ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಈ ವಯಸ್ಸಿನಲ್ಲಿ ಇಷ್ಟು ಪ್ರೀತಿ ಎಲ್ಲಿಂದ ಬಂತಪ್ಪ ಎಂದು ನಾನು ಒಳಗೊಳಗೆ ನಾಚಿಕೊಂಡಿದ್ದೆ.

ಇವರ ತಾಯಿಯ ಅಣ್ಣ ಒಬ್ಬರಿದ್ದರು. ದೀಪ ಹಚ್ಚುವ ಹೊತ್ತಾದರೆ ಜಗುಲಿಯಿಂದ ಇಳಿಯುತ್ತಿರಲಿಲ್ಲ. ಇರುಳುಗಣ್ಣು ಎಂದು ಮನೆಯವರು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು.

ಮರುದಿನದಿಂದ ಇವರದ್ದು ರಾತ್ರಿ ಪಾಳಿ ಎಂಬುದೂ ನನಗೆ ಆಗಲೇ ನೆನಪಾಯಿತು. ಬಸ್ಸು ತುಂಬ ಜನ, ನೇಪಾಳದವರು, ಬಂಗಾಳದವರು, ಆಂಧ್ರದವರು. ಹತ್ತಿದ ಕೂಡಲೇ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗುತ್ತಾರೆ, ತಮ್ಮ ಮೇಲೆ ಅವರಿಗೆ ಅಷ್ಟು ನಂಬಿಕೆ ಎಂದು ಇವರು ಹೆಮ್ಮೆಯಿಂದ ಹೇಳುತ್ತಿದ್ದರು. ಹೆದ್ದಾರಿಯುದ್ದಕ್ಕೂ ದೀಪದ ಕಂಬಗಳಿವೆ. ಆ ಕಂಬಗಳೇ ಇಷ್ಟು ದಿನ ಅವರನ್ನು ಕಾಪಾಡಿದ್ದು. ಇನ್ನೊಂದು ಕಡೆ, ಬಸ್ಸು ಬಿಟ್ಟರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಇಲ್ಲಿ ಇರುವುದಕ್ಕೆ ಕಾಗದವಿಲ್ಲ. ಊರಿನಲ್ಲಿ ಮಗಳು ನರ್ಸಿಂಗ್ ಓದುತ್ತಿದ್ದಳು. ಆಕಾಶ ಅಷ್ಟು ಚಂದವಿತ್ತು. ನನಗೆ ಅದನ್ನು ನೋಡಲಾಗಲಿಲ್ಲ.

ಅಲ್ಲಿಂದ ಡಾಂಬರಿನವರೆಗೆ ಒಂದೂ ದೀಪವಿರಲಿಲ್ಲ. ಹೊರಡುವ ಹೊತ್ತಿಗೆ ಇವರು ಕಾರಿನ ಬಾಗಿಲನ್ನು ಕೈಯಿಂದ ತಡವಿ ಹುಡುಕುತ್ತಿದ್ದರು. ಹತ್ತಿರ ಹೋಗಿ, “ಕೇಳಿತಾ? ಕೀ ನನಗೆ ಕೊಡಿ. ನನಗೂ ಹೈವೇ ಅಭ್ಯಾಸ ಆಗಬೇಕಲ್ಲ” ಅಂದೆ.

ನನ್ನ ಲೈಸೆನ್ಸಿನ ಕಥೆ ಸೆಗಯಾಕ್ಕೆಲ್ಲ ಗೊತ್ತು. ಟೆಸ್ಟಿನಲ್ಲಿ ಎಷ್ಟು ಸಲ ಬಿದ್ದೆ ಎಂದು ಇಲ್ಲಿ ಬರೆಯುವುದಿಲ್ಲ. ಸಿಕ್ಕಿದ ಮೇಲೂ ನಾನು ಓಡಿಸಿದ್ದು ತರಕಾರಿ ಮಾರುಕಟ್ಟೆಗೆ, ಅದೂ ಬೆಳಿಗ್ಗೆ. ಹಮೀದ್, “ಬಾಯಮ್ಮ, ನನಗೆ ಇನ್ನೂ ಮಕ್ಕಳ ಮದುವೆ ಮಾಡಲಿಕ್ಕೆ ಉಂಟು. ಬೇಕಾದರೆ ನಾನು ಓಡಿಸ್ತೇನೆ” ಅಂದ. ನಾನು ಕೈ ಚಾಚಿಯೇ ನಿಂತಿದ್ದೆ. ಬೇರೆ ದಿನವಾದರೆ ಇವರು ನಗೆಚಾಟಿಕೆ ಮಾಡುತ್ತಿದ್ದರು, ಬೈಯುತ್ತಿದ್ದರು, ಕೊಡುತ್ತಿರಲಿಲ್ಲ. ಅಂದು ಕೀಯನ್ನು ನನ್ನ ಅಂಗೈಯಲ್ಲಿಟ್ಟರು. ಬಿಸಿಯಾಗಿತ್ತು. ಎಷ್ಟು ಹೊತ್ತಿನಿಂದ ಅದನ್ನು ಮುಷ್ಟಿಯಲ್ಲಿ ಹಿಡಿದಿದ್ದರೋ.

ಹಮೀದ್ ನನ್ನನ್ನೊಮ್ಮೆ ನೋಡಿದ, ಇವರನ್ನೊಮ್ಮೆ ನೋಡಿದ. ಅಂಗಡಿ ಇಟ್ಟವನಿಗೆ ಮನುಷ್ಯರನ್ನು ಓದುವುದನ್ನು ಯಾರೂ ಕಲಿಸಬೇಕಾಗಿಲ್ಲ. ಮತ್ತೆ ತಮಾಷೆ ಮಾಡಲಿಲ್ಲ. ಇವರ ತೋಳಿಗೆ ತೋಳು ಸೇರಿಸಿ, “ಬನ್ನಿ ಪೊರ್ಬುಗಳೇ. ಹೆಂಗಸರು ಓಡಿಸಲಿ, ನಾವು ಹಿಂದೆ ಕೂತು ರಾಜರ ಹಾಗೆ ಹೋಗುವ” ಎಂದು ಬಾಗಿಲವರೆಗೆ ನಡೆಸಿಕೊಂಡು ಹೋದ. ಆ ಒಂದು ಮಾತಿಗಾಗಿ ನಾನು ಅವನಿಗೆ ಇವತ್ತಿಗೂ ಕ್ರಿಸ್ಮಸ್ಸಿಗೆ ಕುಸ್ವಾರಿನ ತಿಂಡಿಗಳ ಮೊದಲ ತಟ್ಟೆ ಕಳಿಸುತ್ತೇನೆ. ಏಕೆಂದು ಅವನೂ ಕೇಳಿಲ್ಲ, ನಾನೂ ಹೇಳಿಲ್ಲ. ನಾನು ಹೇಗೆ ಓಡಿಸಿದೆ ಎಂದು ಕೇಳಬೇಡಿ. ಎಣ್ಣೆಬಾವಿಯ ಯಂತ್ರಗಳು ಕತ್ತಲಲ್ಲಿ ನನಗೂ ಹೌದು ಹೌದು ಅನ್ನುತ್ತಿದ್ದವು. ಪಕ್ಕದಲ್ಲಿ ಜುಬೈದಾ ಮನಾಮದವರೆಗೆ ತುಟಿಯಲ್ಲೇ ದುವಾ ಹೇಳುತ್ತ ಬಂದಳು.

ಮನೆಗೆ ಬಂದು, ಟ್ಯೂಬ್‌ಲೈಟು ಹಾಕಿ, ಮಂಚದ ಮೇಲೆ ಕೂತು ಇವರು ಶೂಸು ಬಿಚ್ಚಿದರು. ನಾಳೆ ಬಸ್ಸು ಹೇಗೆ ಎಂದು ನಾನು ಕೇಳಿದೆ. ಬಿಚ್ಚಿದ ಶೂಸನ್ನು ಮಂಚದ ಕೆಳಗೆ ಜೋಡಿಸಿ ಇಟ್ಟರು.

“ನಾನು ಸುಳ್ಳು ಹೇಳಲಿಲ್ಲ. ತೀನ್ ರಾಯ್ ಅಲ್ಲಿಯೇ ಇರ್ತದಲ್ಲ, ಇದ್ದದ್ದು ಕಂಡ ಹಾಗೆಯೇ ಆಯ್ತು. ಕಾಣದ್ದು ಕಾಣುವುದಿಲ್ಲ ಅಂತ ಕಣ್ಣು ಹೇಳ್ತದಾ?” ಎಂದರು.

ಆಮೇಲೆ, “ಮಲಗಿರ್ತಾರೆ ಪಾಪ, ಎಲ್ಲರೂ” ಅಂದರು. ಬಸ್ಸಿನವರ ಬಗ್ಗೆ ಹೇಳಿದ್ದು.

ಬೆಳಿಗ್ಗೆ ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಂಪನಿಯ ಆಫೀಸಿಗೆ ಹೋಗಿ ಬಸ್ಸಿನ ಕೀಯನ್ನು ಮೇಜಿನ ಮೇಲಿಟ್ಟು ಬಂದರು. ಯಾರೂ ಕೇಳಿರಲಿಲ್ಲ. ಕಣ್ಣಿನ ಪರೀಕ್ಷೆಗೆಂದು ಬೆಳಕಿನ ಕೋಣೆಯಲ್ಲಿ ಅಕ್ಷರ ಓದಿಸಿದರೆ ಇವರು ಕೊನೆಯ ಸಾಲನ್ನೂ ಓದುತ್ತಾರೆ. ಹಾಗೆಯೇ ಓದಿ ಇನ್ನೂ ಎಷ್ಟು ದಿನ ದೂಡಬಹುದಿತ್ತೋ. ಕಣ್ಣಿನ ಡಾಕ್ಟರು ಕತ್ತಲೆ ಕೋಣೆಯಲ್ಲಿ ಒಂದು ಬೋಗುಣಿಯ ಮುಂದೆ ಕೂರಿಸಿದರು, ಒಡೆದ ತೆಂಗಿನಕಾಯಿಯ ಒಳಗಿನ ಹಾಗೆ ಬಿಳಿ. ಅದರೊಳಗೆ ಚುಕ್ಕಿ ಬೆಳಕು ಹೊಳೆದಾಗಲೆಲ್ಲ ಗುಂಡಿ ಒತ್ತಬೇಕು. ನಾನು ಹಿಂದೆ ಸ್ಟೂಲಿನ ಮೇಲೆ ಕೂತಿದ್ದೆ. ಇವರು ನಡುವಿನ ನಾಲ್ಕಾರು ಬೆಳಕಿಗೆ ಒತ್ತಿದರು, ಆಮೇಲೆ ಗುಂಡಿ ಹಿಡಿದುಕೊಂಡು ಶಿಸ್ತಾಗಿ ಕಾದರು. ಡಾಕ್ಟರು ಮುಗಿಯಿತು ಅಂದಾಗ ಇವರು, ಇಷ್ಟೇ ನಕ್ಷತ್ರವಾ ಎಂದು ನಗುತ್ತಾ ಕೇಳಿದರು. ಡಾಕ್ಟರು ನಗಲಿಲ್ಲ. ಇದಕ್ಕೆ ಔಷಧವಿಲ್ಲ, ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಕತ್ತಲು ಒಳಕ್ಕೆ ಬರುತ್ತದೆ, ಎಷ್ಟು ಬೇಗ ಎಂದು ಹೇಳಲಾಗುವುದಿಲ್ಲ ಎಂದರು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಮಗಳ ಕಣ್ಣನ್ನೂ ತೋರಿಸಿದೆವು. ಅವಳದ್ದು ಸರಿಯಾಗಿದೆ. ಆ ದಿನ ಮಾತ್ರ ಇವರು ಅತ್ತದ್ದನ್ನು ನಾನು ನೋಡಿದೆ.

ಕಂಪನಿಯವರು ಇವರನ್ನು ಕಳಿಸಿಬಿಡಲಿಲ್ಲ. ಅಸ್ಕರಿನ ಯಾರ್ಡಿನಲ್ಲಿ ಸಾಮಾನು ಕೊಡುವ ಸ್ಟೋರಿಗೆ ಹಾಕಿದರು, ಹಗಲು ಮಾತ್ರ. ತಾವು ಓಡಿಸುತ್ತಿದ್ದ ಬಸ್ಸಿನಲ್ಲೇ ಈಗ ಹೋಗುತ್ತಾರೆ, ಡ್ರೈವರನ ಹಿಂದಿನ ಸೀಟು. ಮೊದಮೊದಲು ತಿರುವು ಬಂದಾಗಲೆಲ್ಲ ಬಲಗಾಲು ತನ್ನಷ್ಟಕ್ಕೆ ಬ್ರೇಕು ಒತ್ತುತ್ತಿತ್ತಂತೆ. ಈಗ ಇವರೂ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಾರೆ. ನಾನು ಕಾರು ಓಡಿಸುತ್ತೇನೆ, ಕತ್ತಲಲ್ಲೂ. ಚಳಿಗಾಲದಲ್ಲಿ ಒಮ್ಮೆಯಾದರೂ ಆ ಬಯಲಿಗೆ ಹೋಗಬೇಕೆಂಬುದು ಇವರದ್ದೇ ಆಸೆ. ನಿಮಗೆ ಅಲ್ಲಿ ಎಂತ ಉಂಟು ಎಂದು ಮೊದಲ ವರ್ಷ ಕೇಳಿದ್ದೆ. ನೀನು ಹೇಳುತ್ತೀಯಲ್ಲ ಅಂದಿದ್ದರು. ಹೇಳುತ್ತೇನೆ. ರವೆ, ಸಾಸಿವೆ, ಉಪ್ಪಿನಹರಳು ಎಂದು ನನಗೆ ಬಂದ ಹಾಗೆ. ಕಂಬಳಿ ಹೊದ್ದು ಕಣ್ಣು ಮುಚ್ಚಿ ಕೇಳುತ್ತಾರೆ. ನನ್ನ ವರ್ಣನೆ ಸಪ್ಪೆಯಾದರೆ, ಸರಿ ನೋಡಿ ಹೇಳು ಎಂದು ಗದರುತ್ತಾರೆ.

ಆ ಚಿಟಿಕೆ ಮರಳನ್ನು ಕೊನೆಗೂ ಗುಡಿಸದೆ, ಕಂಬಳಿಯನ್ನು ಬಿಸಿಲಿಗೆ ಹಾಕಲು ತಾರಸಿಗೆ ಒಯ್ದೆ. ಸಂಜೆ ತೆಗೆಯಲು ಹೋದಾಗ ಇವರೂ ಮೆಟ್ಟಿಲ ಕಂಬಿ ಹಿಡಿದುಕೊಂಡು ನಿಧಾನವಾಗಿ ಮೇಲೆ ಬಂದರು. ಕ್ರೇನಿನ ತುದಿಯ ಕೆಂಪು ದೀಪ, ಇಳಿಯುತ್ತಿದ್ದ ವಿಮಾನ, ಕಟ್ಟಡಗಳ ಬಣ್ಣ. ಅದರಾಚೆ ಬೂದಿ ಬಳಿದ ಹಾಗೆ ಆಕಾಶ.

“ರಾಜರು ಬಂದರಾ?”

“ಇಲ್ಲಿ ನನಗೂ ಕಾಣುವುದಿಲ್ಲ.”

ಇವರು ಕತ್ತು ಹಿಂದಕ್ಕೆ ಹಾಕಿ ಬೆರಳನ್ನು ನೆಟ್ಟಗೆ ನೆತ್ತಿಯ ಮೇಲೆ ಎತ್ತಿದರು. “ಅಲ್ಲಿ ಇರಬೇಕು.”

ರಾಜರು ಇನ್ನೂ ಪೂರ್ವದಲ್ಲೂ ಎದ್ದಿರಲಿಕ್ಕಿಲ್ಲ. ಆದರೆ ಕ್ರಿಸ್ಮಸ್ ರಾತ್ರಿ, ಪೂಜೆ ಮುಗಿಯುವ ಹೊತ್ತಿಗೆ, ಆ ಮೂವರು ಅಲ್ಲಿಗೇ ಬಂದು ನಿಲ್ಲುತ್ತಾರೆ. ತೋರಿಸಿದ ಜಾಗ ತಪ್ಪಲ್ಲ. ಯಾವ ಸ್ಟಾಪಿಗೂ ಸ್ವಲ್ಪ ಮೊದಲೇ ಹೋಗಿ ನಿಲ್ಲುವ ಮನುಷ್ಯ, ಇಲ್ಲಿಯೂ ಒಂದು ತಿಂಗಳು ಮೊದಲೇ ತಲುಪಿದ್ದಾರೆ.

ಕಂಬಳಿಯ ಒಂದು ತುದಿಯನ್ನು ಇವರ ಕೈಗೆ ಕೊಟ್ಟೆ. ಇಬ್ಬರೂ ಸೇರಿ ಮಡಚಿದೆವು, ಮರಳು ಕೊಡವದೆ.